ಎಸ್‌ಇಸಿಯೋ, ಬಿಗ್ ಟೆನ್ನೋ: ಒಂದು ಬಲಾಬಲದ ಲೆಕ್ಕ

2023ರ ಡಿಸೆಂಬರ್ 3, ಭಾನುವಾರ. ಅಮೆರಿಕದ ಟಲ್ಲಹಸ್ಸಿ ನಗರದಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಒಂದೆಡೆ ಸೇರಿ ಟಿ.ವಿ. ನೋಡುತ್ತಿದ್ದರು. ಆ ಋತುವಿನಲ್ಲಿ ಆಡಿದ 13 ಪಂದ್ಯಗಳನ್ನೂ ಅವರು ಗೆದ್ದಿದ್ದರು. ತಮ್ಮ ಒಕ್ಕೂಟವಾದ ಎಸಿಸಿಯ ಪ್ರಶಸ್ತಿ ಹಿಂದಿನ ರಾತ್ರಿಯಷ್ಟೇ ಕೈಸೇರಿತ್ತು. ಉಳಿದದ್ದು ರಾಷ್ಟ್ರೀಯ ಪ್ಲೇಆಫ್‌ಗೆ ಆಯ್ಕೆಯಾಗುವ ನಾಲ್ಕು ತಂಡಗಳ ಹೆಸರು ಕೇಳುವುದೊಂದೇ. ಮಿಶಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮ ಎಂದು ಪಟ್ಟಿ ಮುಗಿಯಿತು. ಫ್ಲೋರಿಡಾ ಸ್ಟೇಟ್‌ಗೆ ಐದನೆಯ ಸ್ಥಾನ. ಪ್ಲೇಆಫ್ ಶುರುವಾದ ಮೇಲೆ ದೊಡ್ಡ ಒಕ್ಕೂಟವೊಂದರ ಸೋಲರಿಯದ ಚಾಂಪಿಯನ್ ಹೊರಗುಳಿದದ್ದು ಅದೇ ಮೊದಲು.

ಆಯ್ಕೆ ಸಮಿತಿ ಕೊಟ್ಟ ಕಾರಣ ಗಾಯದ್ದು. ತಂಡದ ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲು ಮುರಿದುಕೊಂಡಿದ್ದರು. ಅವರಿಲ್ಲದ ತಂಡ ಮೊದಲಿನ ತಂಡವಲ್ಲ ಎಂಬ ವಾದ. ಆದರೆ ದೇಶದುದ್ದಕ್ಕೂ ಜನ ಓದಿಕೊಂಡದ್ದು ಇನ್ನೊಂದನ್ನು. ಎಸಿಸಿ ದುರ್ಬಲ, ಎಸ್‌ಇಸಿ ಬಲಶಾಲಿ. ಬಲಶಾಲಿ ಒಕ್ಕೂಟದ ಚಾಂಪಿಯನ್ ಅಲಬಾಮ ಒಂದು ಪಂದ್ಯ ಸೋತಿದ್ದರೂ ಅದನ್ನು ಬಿಟ್ಟು ಪ್ಲೇಆಫ್ ನಡೆಸಲು ಆಗದು. ಇಲ್ಲಿ ಗಮನಿಸಬೇಕಾದ ಸಂಗತಿ ಇದು: ಅದೇ ಋತುವಿನಲ್ಲಿ ಫ್ಲೋರಿಡಾ ಸ್ಟೇಟ್ ಎಸ್‌ಇಸಿಯ ಎರಡು ತಂಡಗಳನ್ನು ಸೋಲಿಸಿತ್ತು. ಎಲ್‌ಎಸ್‌ಯು ವಿರುದ್ಧ 45-24, ಟ್ರಾವಿಸ್ ಇಲ್ಲದೆಯೇ ಆಡಿದ ಪಂದ್ಯದಲ್ಲಿ ಫ್ಲೋರಿಡಾ ವಿರುದ್ಧ 24-15. ಕಣ್ಣೆದುರಿನ ಈ ಎರಡು ಗೆಲುವುಗಳಿಗಿಂತ ಒಕ್ಕೂಟದ ಹೆಸರೇ ಹೆಚ್ಚು ತೂಗಿತೇ ಎಂಬ ಪ್ರಶ್ನೆ ಅಂದು ಎದ್ದದ್ದು ಇನ್ನೂ ಕೂತಿಲ್ಲ.

ಅಮೆರಿಕದ ಕಾಲೇಜು ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದು, ಹೆಲ್ಮೆಟ್ ತೊಟ್ಟು, ಮೈಗೆ ಮೈ ಕೊಟ್ಟು ಆಡುವ ಆಟ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ಮೊದಲ ಪಂದ್ಯ ನಡೆಯಿತು ಎನ್ನುತ್ತದೆ ಚರಿತ್ರೆ. ಎಂ.ಎಸ್. ಮಾಡಲು ಅಲ್ಲಿಗೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಶನಿವಾರದ ಈ ಜಾತ್ರೆ ಚೆನ್ನಾಗಿ ಗೊತ್ತು. ಕೆಲವು ಕಡೆ ಲಕ್ಷಕ್ಕೂ ಮಿಕ್ಕಿ ಜನ ಹಿಡಿಸುವ ಕ್ರೀಡಾಂಗಣ ವಿದ್ಯಾರ್ಥಿನಿಲಯದ ಮಗ್ಗುಲಲ್ಲೇ ಇರುತ್ತದೆ. ಮೇಲ್ದರ್ಜೆಯಲ್ಲಿ 2025ರಲ್ಲಿ 136 ವಿಶ್ವವಿದ್ಯಾಲಯಗಳು ಆಡಿದವು. ಒಂದೊಂದಕ್ಕೆ ಋತುವಿನಲ್ಲಿ 12 ಪಂದ್ಯ. ಅದರಲ್ಲಿ ಎಂಟೋ ಒಂಬತ್ತೋ ತನ್ನದೇ ಒಕ್ಕೂಟದೊಳಗೆ. ಹೀಗೆ ಒಂದು ತಂಡ ದೇಶದ ಬಹುಪಾಲು ತಂಡಗಳ ಮುಖವನ್ನೇ ನೋಡದೆ ಋತು ಮುಗಿಸುತ್ತದೆ. ಯಾರು ಮೇಲು ಎಂದು ಮೈದಾನದಲ್ಲಿ ತೀರ್ಮಾನವಾಗುವುದು ಕಡಿಮೆ. ಹಾಗಾಗಿಯೇ ‘ಅವರ ಒಕ್ಕೂಟ ಎಂಥದ್ದು’ ಎಂಬ ಪ್ರಶ್ನೆಗೆ ಅಷ್ಟು ಬೆಲೆ. ರಣಜಿ ಟ್ರೋಫಿಯ ಎಲೈಟ್ ಗುಂಪಿನಲ್ಲಿ ನಾಲ್ಕು ಪಂದ್ಯ ಗೆದ್ದವರನ್ನೂ ಪ್ಲೇಟ್ ಗುಂಪಿನಲ್ಲಿ ಎಲ್ಲವನ್ನೂ ಗೆದ್ದವರನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಬೇಕಾದರೆ ಆಗುವ ತೊಡಕೇ ಇಲ್ಲಿ ಪ್ರತಿ ವರ್ಷ ಆಗುತ್ತದೆ.

ಇಂದಿನ ಜಗಳ ಮುಖ್ಯವಾಗಿ ಎರಡು ಮನೆತನಗಳದ್ದು. 1896ರಿಂದ ಆಡುತ್ತಿರುವ ಬಿಗ್ ಟೆನ್ ಮೂಲತಃ ಮಿಶಿಗನ್, ಇಲಿನಾಯ್, ವಿಸ್ಕಾನ್ಸಿನ್ ಕಡೆಯ ಉತ್ತರದ ಒಕ್ಕೂಟ. 1932ರಲ್ಲಿ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಹುಟ್ಟಿದ ಎಸ್‌ಇಸಿ ದಕ್ಷಿಣದ್ದು. ಅಲಬಾಮ, ಜಾರ್ಜಿಯಾ, ಎಲ್‌ಎಸ್‌ಯು, ಟೆನೆಸ್ಸಿ ಅದರ ದೊಡ್ಡ ಹೆಸರುಗಳು. ಹೆಸರಿನಲ್ಲಿ ಹತ್ತಿದ್ದರೂ ಬಿಗ್ ಟೆನ್‌ನಲ್ಲಿ ಈಗ 18 ಸದಸ್ಯರು, ಎಸ್‌ಇಸಿಯಲ್ಲಿ 16.

2006ರಿಂದ 2022ರವರೆಗಿನ 17 ಋತುಗಳಲ್ಲಿ 13 ರಾಷ್ಟ್ರೀಯ ಪ್ರಶಸ್ತಿಗಳು ಎಸ್‌ಇಸಿಗೆ ಹೋದವು. ಅದರಲ್ಲಿ 2006ರಿಂದ 2012ರವರೆಗೆ ಒಂದರ ಹಿಂದೊಂದು ಏಳು. 2011ರಲ್ಲಂತೂ ಅಂತಿಮ ಪಂದ್ಯದ ಎರಡೂ ತಂಡಗಳು ಇದೇ ಒಕ್ಕೂಟದವು. ನವೆಂಬರ್‌ನಲ್ಲಿ ಅಲಬಾಮವನ್ನು ಅದರ ನೆಲದಲ್ಲೇ 9-6ರಿಂದ ಸೋಲಿಸಿದ್ದ ಎಲ್‌ಎಸ್‌ಯು ಜನವರಿಯಲ್ಲಿ ಅದೇ ಅಲಬಾಮದ ಎದುರು ಮತ್ತೆ ನಿಲ್ಲಬೇಕಾಯಿತು, 21-0ರಿಂದ ಸೋತಿತು. ಬಿಗ್ 12 ಒಕ್ಕೂಟದ ಚಾಂಪಿಯನ್ ಓಕ್ಲಹೋಮ ಸ್ಟೇಟ್‌ಗೆ ಅವಕಾಶವೇ ಸಿಗಲಿಲ್ಲ. ಆ ತಂಡವೂ ಅಲಬಾಮದಂತೆ ಒಂದೇ ಪಂದ್ಯ ಸೋತಿತ್ತು.

ಹದಿಮೂರು ಪ್ರಶಸ್ತಿ ಎಂದ ಕೂಡಲೇ ಒಕ್ಕೂಟವೇ ಬಲಿಷ್ಠ ಎಂದು ತಲೆದೂಗುತ್ತೇವೆ. ಅದನ್ನು ಬಿಡಿಸಿ ನೋಡಬೇಕು. ಆರು ಅಲಬಾಮದವು, ಆ ಆರೂ ನಿಕ್ ಸೇಬನ್ ಎಂಬ ಒಬ್ಬ ಕೋಚ್ ಗೆದ್ದುಕೊಟ್ಟವು. ಫ್ಲೋರಿಡಾ, ಎಲ್‌ಎಸ್‌ಯು, ಜಾರ್ಜಿಯಾ ತಲಾ ಎರಡು. ಆಬರ್ನ್ ಒಂದು. ಅಲ್ಲಿಗೆ ಮುಗಿಯಿತು, ಐದು ಶಾಲೆಗಳು. ಕೆಂಟಕಿ, ವ್ಯಾಂಡರ್‌ಬಿಲ್ಟ್, ಮಿಸಿಸಿಪ್ಪಿ ಸ್ಟೇಟ್ ಅಭಿಮಾನಿಗಳೂ ‘ಎಸ್‌ಇಸಿ, ಎಸ್‌ಇಸಿ’ ಎಂದು ಕೂಗಿದ್ದು ನಿಜ, ಆ ಅಭಿಮಾನದಲ್ಲಿ ತಪ್ಪೇನೂ ಇಲ್ಲ. ಆದರೆ ತುದಿಯ ಎತ್ತರ ಒಂದು ಮಾತು, ನಡುವಿನ ಗಟ್ಟಿತನ ಇನ್ನೊಂದು ಮಾತು. ಒಕ್ಕೂಟದ ಬಲ ಎಂದಾಗ ನಾವು ಇವೆರಡನ್ನೂ ಬೆರೆಸಿಬಿಡುತ್ತೇವೆ.

ಲೆಕ್ಕದವರಿಗೆ ಈ ತೊಡಕು ಮೊದಲಿನಿಂದ ಗೊತ್ತು. ಎಂಐಟಿಯಲ್ಲಿ ಗಣಿತ ಓದಿದ ಜೆಫ್ ಸಾಗರಿನ್ 1985ರಿಂದ ‘ಯುಎಸ್‌ಎ ಟುಡೇ’ ಪತ್ರಿಕೆಗೆ ತಂಡಗಳ ಶ್ರೇಯಾಂಕ ಕೊಡುತ್ತಿದ್ದವರು. ಒಕ್ಕೂಟಗಳನ್ನು ಹೋಲಿಸುವಾಗ ಅವರು ಬರೀ ಸರಾಸರಿಯನ್ನು ನೆಚ್ಚಲಿಲ್ಲ. ನಡುವಿನ ತಂಡಗಳಿಗೆ ಹೆಚ್ಚು ತೂಕ, ತುತ್ತತುದಿಗೂ ತೀರ ಕೆಳಗಿನವರಿಗೂ ಕಡಿಮೆ ತೂಕ ಕೊಡುವ ಅಳತೆಯೊಂದನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಒಂದು ದೈತ್ಯ ತಂಡವಿದ್ದ ಮಾತ್ರಕ್ಕೆ ಒಕ್ಕೂಟ ಮೇಲೇರಬಾರದು, ಒಂದು ಬಡಪಾಯಿ ತಂಡದಿಂದ ಅದು ಕುಸಿಯಲೂ ಬಾರದು ಎಂಬುದು ಅದರ ತಿರುಳು. ವಾರವಾರವೂ ಆಡುವಾಗ ಎದುರಾಗುವುದು ಹೆಚ್ಚಾಗಿ ನಡುವಿನವರೇ ಆದ್ದರಿಂದ ನನಗೂ ಇದೇ ಹೆಚ್ಚು ಸರಿ ಎನ್ನಿಸುತ್ತದೆ.

ಆದರೆ ಎಷ್ಟೇ ಜಾಣ ಅಳತೆಯಾದರೂ ಮೈದಾನದ ಫಲಿತಾಂಶವನ್ನೇ ತಿನ್ನಬೇಕು. ಅಲ್ಲಿಯೇ ನಿಜವಾದ ಬಿಕ್ಕಟ್ಟು. ಒಕ್ಕೂಟದೊಳಗೆ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. 16 ತಂಡಗಳು ಒಂದೊಂದೂ ಎಂಟು ಪಂದ್ಯ ಆಡಿದರೆ 64 ಪಂದ್ಯ, 64 ಗೆಲುವು, 64 ಸೋಲು. ಆ ಒಕ್ಕೂಟ ದೇಶದಲ್ಲೇ ಶ್ರೇಷ್ಠವಾಗಿರಲಿ, ಕನಿಷ್ಠವಾಗಿರಲಿ, ಈ ಮೊತ್ತ ಬದಲಾಗದು. ಅಂದರೆ ಒಳಗಿನ ಪಂದ್ಯಗಳು ಒಕ್ಕೂಟದ ಬಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೇಳುವುದು ಹೊರಗಿನ ಪಂದ್ಯಗಳು ಮಾತ್ರ. ಅವೂ ಎಂಥವು? ಬಹಳಷ್ಟು ಕಡೆ ಸಣ್ಣ ವಿಶ್ವವಿದ್ಯಾಲಯವೊಂದಕ್ಕೆ ಹಣ ಕೊಟ್ಟು ತಮ್ಮ ಮೈದಾನಕ್ಕೆ ಕರೆಸಿಕೊಂಡು ಗೆಲ್ಲುವ ಪಂದ್ಯಗಳು. 2024ರ ನವೆಂಬರ್ ನಡುವೆ, ಋತುವಿನ ಬಿಸಿ ಏರಿದ್ದಾಗ, ಅಲಬಾಮ ಕೆಳದರ್ಜೆಯ ಮರ್ಸರ್ ತಂಡವನ್ನು ಕರೆಸಿ 52-7ರಿಂದ ಗೆದ್ದಿತು. ಅಂಥ ಗೆಲುವಿನಿಂದ ಬಿಗ್ ಟೆನ್ ಮೇಲೋ ಕೆಳಗೋ ಎಂದು ತಿಳಿಯುವ ದಾರಿ ಇಲ್ಲ.

ಹೊರಗಿನ ಈ ಸುಲಭ ಗೆಲುವುಗಳೆಲ್ಲ ಕೈಸೇರಿದ ಮೇಲೆ ಸುತ್ತು ಶುರುವಾಗುತ್ತದೆ. ಋತುವಿಗೆ ಮೊದಲೇ ಪತ್ರಕರ್ತರ ಮತದಿಂದ ಒಂದು ಶ್ರೇಯಾಂಕ ಪಟ್ಟಿ ಬಂದಿರುತ್ತದೆ. ಅದರಲ್ಲಿ ಎಸ್‌ಇಸಿಯ ಹಲವು ತಂಡಗಳಿರುತ್ತವೆ. ಅವು ಒಂದನ್ನೊಂದು ಸೋಲಿಸಿದಾಗ ಗೆದ್ದವರು ಶ್ರೇಯಾಂಕದ ತಂಡವನ್ನು ಮಣಿಸಿದರೆಂದು ಮೇಲೇರುತ್ತಾರೆ. ಸೋತವರು ಸೋತದ್ದು ಶ್ರೇಯಾಂಕದ ತಂಡಕ್ಕೇ ಎಂದು ಹೆಚ್ಚು ಕೆಳಗಿಳಿಯುವುದಿಲ್ಲ. ಮೊದಲ ಊಹೆಯೇ ಕೊನೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. 2024ರ ಅಕ್ಟೋಬರ್ 5ರಂದು ವ್ಯಾಂಡರ್‌ಬಿಲ್ಟ್ ಅಗ್ರಶ್ರೇಯಾಂಕದ ಅಲಬಾಮವನ್ನು 40-35ರಿಂದ ಕೆಡವಿತು. ನೋಡಿ, ನಮ್ಮಲ್ಲಿ ಕೊನೆಯ ತಂಡವೂ ಎಷ್ಟು ಗಟ್ಟಿ ಎಂದರು ದಕ್ಷಿಣದವರು. ಅದೇ ವ್ಯಾಂಡರ್‌ಬಿಲ್ಟ್ ಮೂರು ವಾರ ಹಿಂದೆ ಸಣ್ಣ ಒಕ್ಕೂಟದ ಜಾರ್ಜಿಯಾ ಸ್ಟೇಟ್‌ಗೆ 36-32ರಿಂದ ಸೋತಿತ್ತು. ಹೊರಗಿನವರೊಂದಿಗೆ ಆಡಿದ ಆ ಒಂದು ಪಂದ್ಯವನ್ನು ಪಕ್ಕಕ್ಕಿಟ್ಟರೆ ಅಕ್ಟೋಬರ್‌ನ ಫಲಿತಾಂಶಕ್ಕೆ ಯಾವ ಅರ್ಥ ಬೇಕಾದರೂ ಕೊಡಬಹುದು.

ಕೊಂಡಿಗಳು ಎಷ್ಟು ಕಡಿಮೆ, ಅವುಗಳ ಮೇಲೆ ಎಷ್ಟು ಭಾರ ಎಂಬುದಕ್ಕೆ 2010ರ ಪ್ರಸಂಗ ಒಳ್ಳೆಯ ಉದಾಹರಣೆ. ಆಗ ಬಿಸಿಎಸ್ ಎಂಬ ವ್ಯವಸ್ಥೆಯಲ್ಲಿ ಪತ್ರಕರ್ತರು, ಕೋಚ್‌ಗಳು ಮುಂತಾದವರ ಮತದ ಜೊತೆಗೆ ಆರು ಕಂಪ್ಯೂಟರ್ ಶ್ರೇಯಾಂಕಗಳೂ ಸೇರುತ್ತಿದ್ದವು. ಅವುಗಳಲ್ಲೊಂದು ಖಭೌತ ವಿಜ್ಞಾನಿ ವೆಸ್ ಕೋಲಿ ಅವರದು. ಅಂಕಗಳ ಅಂತರವನ್ನು ನೋಡದೆ ಬರೀ ಗೆಲುವು ಸೋಲು, ಎದುರಾಳಿಯ ಗೆಲುವು ಸೋಲು ಹಿಡಿದು ಸಮೀಕರಣ ಬಿಡಿಸುವ ಸರಳ, ಸುಂದರ ವಿಧಾನ. ಅಂತಿಮ ಪಟ್ಟಿ ಪ್ರಕಟವಾದ ಮೇಲೆ ಅವರ ಮಾಹಿತಿಯಲ್ಲಿ ಒಂದು ಫಲಿತಾಂಶ ಬಿಟ್ಟುಹೋಗಿರುವುದು ಪತ್ತೆಯಾಯಿತು. ಅದು ಕೆಳದರ್ಜೆಯ ಆಪಲೇಶಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ನಡುವಿನ ಪಂದ್ಯ. ಅದನ್ನು ಸೇರಿಸಿದಾಗ ರಾಷ್ಟ್ರೀಯ ಪಟ್ಟಿಯ ಹತ್ತನೆಯ ಸ್ಥಾನದಲ್ಲಿದ್ದ ಎಲ್‌ಎಸ್‌ಯು ಹನ್ನೊಂದಕ್ಕಿಳಿದು ಬಾಯ್ಸಿ ಸ್ಟೇಟ್ ಹತ್ತಕ್ಕೇರಿತು. ಆ ಎರಡು ತಂಡಗಳಿಗೂ ಈ ಎರಡು ತಂಡಗಳಿಗೂ ನೇರ ಸಂಬಂಧವೇ ಇರಲಿಲ್ಲ. ಎಳೆಗಳು ಅಷ್ಟು ತೆಳುವಾಗಿದ್ದ ಕಡೆ ಎಲ್ಲೋ ಒಂದು ಎಳೆ ಸೇರಿದರೂ ಮೇಲಿನ ಸಾಲು ಅಲುಗುತ್ತದೆ.

ಋತುವಿನ ಕೊನೆಯ ಬೌಲ್ ಪಂದ್ಯಗಳನ್ನು ಸಾಕ್ಷಿಗೆ ಕರೆಯುವ ರೂಢಿ ಇದೆ. ಬೇರೆ ಬೇರೆ ಒಕ್ಕೂಟದವರು ಎದುರಾಗುವುದು ಅಲ್ಲಿಯೇ. ಆದರೆ ಪ್ಲೇಆಫ್‌ಗೆ ಸೇರದ ಬೌಲ್‌ಗಳಿಗೆ ಈಗ ಆ ತೂಕ ಉಳಿದಿಲ್ಲ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರಲಿರುವವರು ಗಾಯದ ಭಯಕ್ಕೆ ಆಡುವುದಿಲ್ಲ, ಶಾಲೆ ಬದಲಿಸುವವರು ಆಗಲೇ ಹೊರಟಿರುತ್ತಾರೆ. ಪ್ಲೇಆಫ್‌ನಿಂದ ಹೊರಗುಳಿದ ಫ್ಲೋರಿಡಾ ಸ್ಟೇಟ್ 2023ರ ಋತುವಿನ ಕೊನೆಗೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಎದುರು 63-3ರಿಂದ ಸೋತಿತು. ಸಮಿತಿಯ ತೀರ್ಪು ಸರಿಯಾಗಿತ್ತೆಂದು ಆ ಅಂಕಿಯನ್ನು ಇಂದಿಗೂ ತೋರಿಸುತ್ತಾರೆ. ಮುಖ್ಯ ಆಟಗಾರರಲ್ಲಿ ಬಹುಮಂದಿ ಅಂದು ಸಮವಸ್ತ್ರವನ್ನೇ ತೊಟ್ಟಿರಲಿಲ್ಲ. ಮನಸ್ಸು ಮುರಿದ, ಅರ್ಧ ಖಾಲಿಯಾದ ತಂಡದ ಸೋಲನ್ನು ಆ 13 ಗೆಲುವುಗಳ ಎದುರು ತೂಗುವುದು ಅನ್ಯಾಯ.

ಇನ್ನು, ಒಕ್ಕೂಟದ ಬಲ ಎಲ್ಲಿಂದ ಬರುತ್ತದೆ? ದಕ್ಷಿಣದವರ ರಕ್ತದಲ್ಲೇ ಫುಟ್‌ಬಾಲ್ ಇದೆ ಎಂಬ ಮಾತನ್ನು ಅಲ್ಲಿ ಹೆಮ್ಮೆಯಿಂದ ಆಡುತ್ತಾರೆ. ಚರಿತ್ರೆ ಬೇರೆ ಕಥೆ ಹೇಳುತ್ತದೆ. 1960ರ ದಶಕದ ನಡುವಿನಲ್ಲಿ ಬಿಗ್ ಟೆನ್‌ನ ಮಿಶಿಗನ್ ಸ್ಟೇಟ್ ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದಾಗಿತ್ತು. ಆ ತಂಡದ ಬಬ್ಬಾ ಸ್ಮಿತ್ ಟೆಕ್ಸಸ್‌ನವರು, ಜಾರ್ಜ್ ವೆಬ್‌ಸ್ಟರ್ ಸೌತ್ ಕೆರೊಲಿನಾದವರು, ಕ್ವಾರ್ಟರ್‌ಬ್ಯಾಕ್ ಜಿಮ್ಮಿ ರೇ ನಾರ್ತ್ ಕೆರೊಲಿನಾದವರು. ಕಪ್ಪು ಯುವಕರು. ತಮ್ಮೂರಿನ ದೊಡ್ಡ ವಿಶ್ವವಿದ್ಯಾಲಯಗಳು ಚರ್ಮದ ಬಣ್ಣ ನೋಡಿ ಬಾಗಿಲು ಮುಚ್ಚಿದ್ದವು. ಅದಕ್ಕೇ ಕೋಚ್ ಡಫಿ ಡಾಹರ್ಟಿ ಇದ್ದ ದೂರದ, ಚಳಿಯ ಊರಿಗೆ ಹೋಗಿ ಆಡಿದರು. ಉತ್ತರದ ಅಂದಿನ ಬಲದಲ್ಲಿ ದಕ್ಷಿಣದ ಅನ್ಯಾಯಕ್ಕೂ ಪಾಲಿತ್ತು.

ಎಸ್‌ಇಸಿ ಒಳಪಂದ್ಯಕ್ಕೆ ಮೊದಲ ಕಪ್ಪು ಆಟಗಾರ ಇಳಿದದ್ದು 1967ರ ಸೆಪ್ಟೆಂಬರ್ 30ರಂದು: ಕೆಂಟಕಿಯ ನೇಟ್ ನಾರ್ತಿಂಗ್ಟನ್. ಅವರ ಜೊತೆಗೇ ಸೇರಿದ್ದ, ಅವರ ಕೋಣೆಯಲ್ಲೇ ಇದ್ದ ಗ್ರೆಗ್ ಪೇಜ್ ಅಭ್ಯಾಸದಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದು ಹಿಂದಿನ ದಿನವಷ್ಟೇ ತೀರಿಕೊಂಡಿದ್ದರು. ಗೆಳೆಯನನ್ನು ಕಳೆದುಕೊಂಡ ಮರುದಿನ ಆ ಹುಡುಗ ಮೈದಾನಕ್ಕಿಳಿದ. 1970ರಲ್ಲಿ ಕ್ಯಾಲಿಫೋರ್ನಿಯಾದ ಯುಎಸ್‌ಸಿ ತಂಡ ಬರ್ಮಿಂಗ್‌ಹ್ಯಾಮ್‌ಗೆ ಬಂದು ಅಲಬಾಮವನ್ನು 42-21ರಿಂದ ಸೋಲಿಸಿತು; ಅಂದು ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ ತೋರಿದ ಆಟವನ್ನು ಅಲ್ಲಿಯವರು ಮರೆಯಲಿಲ್ಲ. ಬಾಗಿಲು ತೆರೆದ ಮೇಲೆ ದಕ್ಷಿಣದ ಹುಡುಗರು ದಕ್ಷಿಣದಲ್ಲೇ ಉಳಿದರು. 1968ರಲ್ಲಿ ಒಹಾಯೊ ಸ್ಟೇಟ್ ಪತ್ರಕರ್ತರ ಎಪಿ ಮತದಾನದಲ್ಲಿ ಅಗ್ರಸ್ಥಾನ ಪಡೆದ ಮೇಲೆ ಬಿಗ್ ಟೆನ್‌ಗೆ ಅದು ಮತ್ತೆ ಸಿಕ್ಕಿದ್ದು 1997ರಲ್ಲಿ, ಮಿಶಿಗನ್ ಮೂಲಕ. ಈ ಅಂತರಕ್ಕೆ ಕಾರಣ ಹಲವು, ಆದರೆ ಪ್ರತಿಭೆ ಹುಟ್ಟಿದ ನೆಲದಲ್ಲೇ ಆಡತೊಡಗಿದ್ದು ಅವುಗಳಲ್ಲಿ ದೊಡ್ಡದು. ಇವತ್ತಿಗೂ ಅದರ ಫಲ ಕಾಣುತ್ತದೆ: 2025ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಎಸ್‌ಇಸಿಯ 79 ಆಟಗಾರರು ಹೋದರು, ಅದು ಅಂದಿನವರೆಗಿನ ದಾಖಲೆ. ಬಿಗ್ ಟೆನ್‌ನಿಂದ 71.

ಆ ಪ್ರತಿಭೆ ಈಗ ಒಂದೇ ಕಡೆ ಕೂತಿರುವುದಿಲ್ಲ. 2021ರಿಂದ ಎರಡು ಬದಲಾವಣೆಗಳು ಒಟ್ಟಿಗೆ ಬಂದವು. ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡಿಯಬಹುದಾಯಿತು. ಒಂದು ವರ್ಷ ಹೊರಗೆ ಕೂರುವ ಶಿಕ್ಷೆ ಇಲ್ಲದೆ ಶಾಲೆ ಬದಲಿಸಬಹುದಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುತ್ತಿವೆ, ಮೊದಲ ವರ್ಷದ ಮಿತಿ ತಲಾ ಸುಮಾರು 2.05 ಕೋಟಿ ಡಾಲರ್. ಹಿಂದೆ ಅಲಬಾಮದ ಬೆಂಚಿನಲ್ಲಿ ಎರಡು ವರ್ಷ ಕಾಯುತ್ತಿದ್ದ ಹುಡುಗ ಬೇರೆ ಕಡೆ ಹೋದರೆ ಮೊದಲ ಹನ್ನೊಂದರಲ್ಲಿ ಆಡುವಂಥವನೇ. ಈಗ ಅವನು ಕಾಯುವುದಿಲ್ಲ. ಎಸ್‌ಇಸಿ ಹಿರಿಯರ ಮೇಲುಗೈ ನಿಂತದ್ದೇ ಈ ಬೆಂಚಿನ ಮೇಲೆ. ಅದು ತೆಳುವಾದಂತೆ ಮೇಲುಗೈಯೂ ಸಡಿಲಿತು. ಆಟಗಾರರಿಗೆ ದುಡಿಮೆಯ ಪಾಲು ಸಿಕ್ಕಿದ್ದು ತಡವಾದರೂ ನ್ಯಾಯವಾದದ್ದೇ ಎಂದು ನಾನು ನಂಬುತ್ತೇನೆ. ಅದರಿಂದ ಆಟ ಸಮನಾದದ್ದು ಇನ್ನೊಂದು ಲಾಭ.

2023ರಲ್ಲಿ ಮಿಶಿಗನ್, 2024ರಲ್ಲಿ ಒಹಾಯೊ ಸ್ಟೇಟ್, 2025ರಲ್ಲಿ ಇಂಡಿಯಾನ. ಸತತ ಮೂರು ಬಾರಿ ಪ್ರಶಸ್ತಿ ಬಿಗ್ ಟೆನ್‌ಗೆ. ಮೂರನೆಯ ಹೆಸರನ್ನು ಎರಡು ಬಾರಿ ಓದಬೇಕು. ಮೇಲ್ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಸೋಲುಂಡವರ ಪಟ್ಟಿಯಲ್ಲಿ ಬಹುಕಾಲ ಮೊದಲಿಗೆ ನಿಂತಿದ್ದ ಶಾಲೆ ಅದು. 2023ರಲ್ಲಿ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಜೇಮ್ಸ್ ಮ್ಯಾಡಿಸನ್‌ನಿಂದ ಕರ್ಟ್ ಸಿಗ್ನೆಟ್ಟಿ ಎಂಬ ಕೋಚ್ ಬಂದರು, ತಮ್ಮ ಹಳೆಯ ಆಟಗಾರರಲ್ಲಿ ಹಲವರನ್ನು ಕರೆತಂದರು. 2024ರಲ್ಲಿ ನಿಯಮಿತ ಋತುವಿನ 12ರಲ್ಲಿ 11 ಗೆಲುವು. ಆಗಲೂ ಜನ ನಂಬಲಿಲ್ಲ: 18 ತಂಡಗಳ ಒಕ್ಕೂಟದಲ್ಲಿ ಆಡುವುದು ಒಂಬತ್ತು ಪಂದ್ಯ, ಇಂಡಿಯಾನಕ್ಕೆ ಸಿಕ್ಕವರು ಸುಲಭದವರು ಎಂದರು. ಅದರಲ್ಲಿ ಹುರುಳಿತ್ತು. ಒಂದೇ ಒಕ್ಕೂಟದ ಎರಡು ತಂಡಗಳ ದಾರಿ ಅಷ್ಟು ಬೇರೆಬೇರೆ ಇರುವಾಗ ಒಕ್ಕೂಟದ ಹೆಸರು ಹಿಡಿದು ಕಷ್ಟ ಅಳೆಯುವುದೇ ಪೊಳ್ಳು ಎಂಬುದನ್ನೂ ಆ ಟೀಕೆ ಒಪ್ಪಿಕೊಂಡಂತಾಯಿತು. ಮರುವರ್ಷ ಅದೇ ಇಂಡಿಯಾನ ರೋಸ್ ಬೌಲ್‌ನಲ್ಲಿ ಅಲಬಾಮವನ್ನು 38-3ರಿಂದ ಮಣಿಸಿ, 16 ಪಂದ್ಯಗಳಲ್ಲಿ 16 ಗೆದ್ದು ಚಾಂಪಿಯನ್ ಆಯಿತು.

ಅಂತಿಮ ಪಂದ್ಯದಲ್ಲಿ ಅದಕ್ಕೆ 27-21ರ ಪೈಪೋಟಿ ಕೊಟ್ಟವರು ಮಯಾಮಿ. ಎಸಿಸಿಯವರು! ಡಿಸೆಂಬರ್‌ನಲ್ಲಿ ಆ ಒಕ್ಕೂಟದ ಮಾತೆತ್ತಿದರೆ ಜನ ತಲೆಯಾಡಿಸುತ್ತಿದ್ದರು, ಏಕೆಂದರೆ ಐದು ಪಂದ್ಯ ಸೋತಿದ್ದ ಡ್ಯೂಕ್ ಅಲ್ಲಿ ಚಾಂಪಿಯನ್ ಆಗಿತ್ತು. ಮಯಾಮಿಯನ್ನು, ಈಗ ನಾಲ್ಕರಿಂದ 12 ತಂಡಗಳಿಗೆ ಬೆಳೆದಿದ್ದ ಪ್ಲೇಆಫ್‌ಗೆ ಸೇರಿಸಿಕೊಂಡದ್ದೇ ದೊಡ್ಡ ವಾದದ ಬಳಿಕ. ಅದು ಟೆಕ್ಸಸ್ ಎ ಆ್ಯಂಡ್ ಎಂ, ಒಹಾಯೊ ಸ್ಟೇಟ್, ಓಲ್ ಮಿಸ್ ಮೂವರನ್ನೂ ದಾಟಿ ಬಂತು. ಐದು ತಂಡಗಳನ್ನು ಕಳಿಸಿದ್ದ ಎಸ್‌ಇಸಿ, ತನ್ನವರ ನಡುವಿನ ಪಂದ್ಯಗಳನ್ನು ಬಿಟ್ಟರೆ ಗೆದ್ದದ್ದು ಸಣ್ಣ ಒಕ್ಕೂಟದ ಟುಲೇನ್ ಮೇಲೆ ಮಾತ್ರ. ಎರಡು ವರ್ಷ ಹಿಂದೆ ಫ್ಲೋರಿಡಾ ಸ್ಟೇಟ್‌ಗೂ ಒಂದು ಅವಕಾಶ ಸಿಕ್ಕಿದ್ದರೆ ಸೋಲುತ್ತಿತ್ತೋ ಏನೋ; ಮೈದಾನದಲ್ಲಿ ಸೋಲುವ ಹಕ್ಕಾದರೂ ಅದಕ್ಕಿತ್ತು.

ಈ ವಾದ ಬರೀ ಮಾತಿನ ಚಪಲವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಒಕ್ಕೂಟದ ಬಲ ಈಗ ಹಣವಾಗಿ ಒಪ್ಪಂದದಲ್ಲೇ ಕೂತಿದೆ. 2026ರಿಂದ ಪ್ಲೇಆಫ್ ಪ್ರಸಾರಕ್ಕೆ ಇಎಸ್‌ಪಿಎನ್ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಕೊಡುತ್ತದೆ. ಹಂಚಿಕೆಯಲ್ಲಿ ಎಸ್‌ಇಸಿಗೂ ಬಿಗ್ ಟೆನ್‌ಗೂ ತಲಾ ಶೇಕಡ 29ರಷ್ಟು, ಎಸಿಸಿಗೆ ಸುಮಾರು 17, ಬಿಗ್ 12ಕ್ಕೆ ಸುಮಾರು 15. ಮೈದಾನದಲ್ಲಿ ಯಾರು ಗೆದ್ದರೂ ಈ ಅನುಪಾತ ಅಷ್ಟೇ. ಹೆಚ್ಚು ಹಣ ಒಳ್ಳೆಯ ಕೋಚ್‌ಗಳನ್ನು, ಆಟಗಾರರನ್ನು ತರುತ್ತದೆ; ಇಂದು ಬಲವೆಂದು ಒಪ್ಪಿಕೊಂಡದ್ದು ನಾಳೆ ಬಲವೇ ಆಗುತ್ತದೆ. ಪಶ್ಚಿಮ ಕರಾವಳಿಯ ಹಳೆಯ ಒಕ್ಕೂಟ ಪ್ಯಾಕ್-12 ಈ ಪೈಪೋಟಿಯಲ್ಲೇ ಒಡೆಯಿತು. ಯುಎಸ್‌ಸಿ, ಯುಸಿಎಲ್‌ಎ, ಓರೆಗನ್, ವಾಷಿಂಗ್ಟನ್ ಬಿಗ್ ಟೆನ್‌ಗೆ ಹೋದವು. ಓರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಹಿಂದೆ ಉಳಿದವು. ಅವು ತೀರ ಸೋತ ತಂಡಗಳೇನೂ ಅಲ್ಲ, ಟಿ.ವಿ. ಮಾರುಕಟ್ಟೆ ಸಣ್ಣದಿದ್ದ ತಂಡಗಳು.

ಇದಕ್ಕೆ ಮದ್ದು ಹೊಸ ಸೂತ್ರವಲ್ಲ. ಒಕ್ಕೂಟಗಳ ನಡುವೆ ಹೆಚ್ಚು ಪಂದ್ಯ, ಅದೂ ಋತುವಿನ ಆರಂಭದಲ್ಲಿ, ಪೂರ್ಣ ತಂಡಗಳ ನಡುವೆ. ಎಸ್‌ಇಸಿ 2026ರಿಂದ ಎಂಟರ ಬದಲು ಒಂಬತ್ತು ಒಳಪಂದ್ಯ ಆಡಲಿದೆ. ಬಿಗ್ ಟೆನ್ ಬಹಳ ದಿನಗಳಿಂದ ಕೇಳುತ್ತಿದ್ದದ್ದು ಇದನ್ನೇ. ಹೋಲಿಕೆ ಒಂದಿಷ್ಟು ಸಮವಾಯಿತು ನಿಜ, ಆದರೆ ಆ ಒಂಬತ್ತನೆಯ ಪಂದ್ಯದಿಂದ ಒಕ್ಕೂಟದೊಳಗೆ ಎಂಟು ಗೆಲುವು, ಎಂಟು ಸೋಲು ಹೆಚ್ಚುತ್ತವೆಯೇ ಹೊರತು ಹೊರಗಿನ ಕೊಂಡಿ ಒಂದೂ ಹೆಚ್ಚುವುದಿಲ್ಲ. ಇದ್ದ ಕೊಂಡಿಗಳೂ ಕಳಚುತ್ತಿವೆ: 1926ರಲ್ಲಿ ಶುರುವಾದ ಯುಎಸ್‌ಸಿ-ನೋಟರ್ ಡೇಮ್ ಪಂದ್ಯ 2026ರಲ್ಲಿ ನಡೆಯುವುದಿಲ್ಲ.

2025ರ ಆಗಸ್ಟ್ 30ರಂದು, ಈಗ ಎಸ್‌ಇಸಿಯಲ್ಲಿರುವ ಟೆಕ್ಸಸ್ ತಂಡ ಬಿಗ್ ಟೆನ್‌ನ ಒಹಾಯೊ ಸ್ಟೇಟ್‌ನ ಮೈದಾನಕ್ಕೆ ಹೋಗಿ 14-7ರಿಂದ ಸೋತಿತು. ಋತುವಿನ ಕೊನೆಗೆ ಒಂಬತ್ತು ಗೆಲುವು, ಮೂರು ಸೋಲು, ಪ್ಲೇಆಫ್ ಕೈತಪ್ಪಿತು. ಆ ದಿನ ಸುಲಭದ ತಂಡವೊಂದನ್ನು ಮನೆಗೆ ಕರೆಸಿಕೊಂಡಿದ್ದರೆ ಹತ್ತು ಗೆಲುವಾಗಿ ಒಳಗಿರುತ್ತಿತ್ತು ಎಂದು ಹಲವರು ಹೇಳಿದರು. ಈ ಎರಡು ಒಕ್ಕೂಟಗಳ ಬಲಾಬಲದ ಬಗ್ಗೆ ಇಡೀ ವರ್ಷದಲ್ಲಿ ಸಿಕ್ಕ ಕೆಲವೇ ನಿಜವಾದ ಸಾಕ್ಷಿಗಳಲ್ಲಿ ಅದೊಂದು, ಅದನ್ನು ಕೊಟ್ಟವರಿಗೇ ದಂಡ ಬಿತ್ತು. ಅಂಥ ಸೋಲನ್ನು ಸಮಿತಿ ಸುಲಭದ ಗೆಲುವಿಗಿಂತ ಮೇಲೆಣಿಸಬೇಕು. ಇಲ್ಲದಿದ್ದರೆ ಇಂಥ ಪಂದ್ಯಗಳಿಗೆ ಸಹಿ ಹಾಕುವವರೇ ಇರುವುದಿಲ್ಲ. 2026ರ ಸೆಪ್ಟೆಂಬರ್ 12ಕ್ಕೆ ಮರುಪಂದ್ಯ ನಿಗದಿಯಾಗಿದೆ. ಈ ಬಾರಿ ಒಹಾಯೊ ಸ್ಟೇಟ್ ಟೆಕ್ಸಸ್ ತಂಡದ ಊರಾದ ಆಸ್ಟಿನ್‌ಗೆ ಬರಬೇಕು.